ಮಂಗಟ್ಟೆಗೆ ಬೇಕಾದ ಎರಡು ಗಿಡ

(ಧಾರವಾಡದಲ್ಲಿ ಪಕ್ಷಿ ವೀಕ್ಷಣೆಯ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಧಾರವಾಡದಿಂದ ದಾಂಡೇಲಿಗೆ ಸುಮಾರು 55 ಕಿಲೋಮೀಟರ್ ದಾರಿ. ಹಳಿಯಾಳ ದಾಟಿದ ಮೇಲೆ ಗೋವಿನಜೋಳದ ಹೊಲಗಳು ಹಿಂದೆ ಉಳಿದು ಸಾಗವಾನಿ, ಮತ್ತಿ, ನಂದಿ ಗಿಡಗಳ ಕಾಡು ಶುರುವಾಗುತ್ತದೆ. ಭಾರತದಲ್ಲಿರುವ ಮಂಗಟ್ಟೆಗಳು ಒಂಬತ್ತು ಜಾತಿ. ಪಶ್ಚಿಮ ಘಟ್ಟದಲ್ಲಿ ಅವುಗಳಲ್ಲಿ ನಾಲ್ಕು ಇವೆ. ಆ ನಾಲ್ಕೂ ದಾಂಡೇಲಿಯ ಸುತ್ತಮುತ್ತ ಸಿಗುತ್ತವೆ. ಮುಂಜಾನೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರದಲ್ಲಿ ಇಂಥ ಕಾಡು ಇರುವುದು ನಮ್ಮ ಭಾಗ್ಯ ಎಂದೇ ನಾನು ಹೇಳುತ್ತೇನೆ.

ಮಂಗಟ್ಟೆ ಅಂದರೆ ನೀವು ಹಾರ್ನ್‌ಬಿಲ್ ಎಂದು ಕೇಳಿರುವ ಹಕ್ಕಿ. ಓಂಗಿಲೆ ಎಂದೂ ಕರೆಯುತ್ತಾರೆ. ನಮ್ಮ ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು ದಾಸಮಂಗಟ್ಟೆ. ಅಮೆರಿಕದ ಟೂಕನ್ ಹಕ್ಕಿಯ ಚಿತ್ರ ಹಾಕಿ ಮಂಗಟ್ಟೆ ಎಂದು ಬರೆಯುವವರಿದ್ದಾರೆ. ಅವೆರಡಕ್ಕೂ ದೊಡ್ಡ ಕೊಕ್ಕು ಬಿಟ್ಟರೆ ಹತ್ತಿರದ ನಂಟಿಲ್ಲ.

ಇವತ್ತು ನಾನು ಹೇಳುವುದೆಲ್ಲ ಎರಡು ಗಿಡಗಳ ಸುತ್ತ ಇರುತ್ತದೆ. ಒಂದು, ಪೊಟರೆ ಬಿದ್ದ ಮುದಿ ಗಿಡ. ಇನ್ನೊಂದು, ಹಣ್ಣಿನ ಗಿಡ. ಗಿಡ ಅಂದರೆ ನಮ್ಮ ಕಡೆಯ ಅರ್ಥದಲ್ಲಿ, ಬೆಂಗಳೂರಿನವರು ಮರ ಅನ್ನುತ್ತಾರಲ್ಲ, ಅದು. ಈ ಎರಡರಲ್ಲಿ ಯಾವುದೊಂದು ಹೋದರೂ ಮಂಗಟ್ಟೆ ಆ ಕಾಡಿನಲ್ಲಿ ಉಳಿಯುವುದಿಲ್ಲ.

ಮೊದಲು ಗುರುತು ಹಿಡಿಯುವುದನ್ನು ನೋಡೋಣ. ನಮ್ಮ ಊರಿನೊಳಗೇ ಸಿಗುವುದು ಬೂದು ಮಂಗಟ್ಟೆ. ಕಾಡೇ ಬೇಕು ಎಂಬ ಹಟ ಇದಕ್ಕಿಲ್ಲ. ಹಳೆಯ ಆಲ, ಅತ್ತಿ, ಬೇವು ಇರುವ ವಠಾರ, ಕಾಲೇಜುಗಳ ಆವರಣ, ಊರ ಹೊರಗಿನ ತೋಪು ಸಾಕು. ಮೈಯೆಲ್ಲ ಬೂದಿ ಬಣ್ಣ, ಉದ್ದ ಬಾಲ, ಬಾಲದ ತುದಿ ಬಿಳಿ, ಅದರ ಹಿಂದೆ ಕಪ್ಪು ಪಟ್ಟಿ. ಕೊಕ್ಕಿನ ಮೇಲೆ ಸಣ್ಣದೊಂದು ಚೂಪಾದ ಕೊಂಬು. ಕೂಗು ಹದ್ದಿನ ಕೂಗಿನಂತೆ ಕೀರಲು. ಎಷ್ಟೋ ಜನ ಹದ್ದು ಎಂದುಕೊಂಡು ತಲೆ ಎತ್ತದೇ ಮುಂದೆ ಹೋಗುತ್ತಾರೆ.

ಎರಡನೆಯದು ಮಲಬಾರ್ ಬೂದು ಮಂಗಟ್ಟೆ. ಇದು ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಾಲ್ಕರಲ್ಲಿ ಚಿಕ್ಕದು, ಸುಮಾರು 45 ಸೆಂಟಿಮೀಟರ್. ಕೊಕ್ಕಿನ ಮೇಲೆ ಕೊಂಬಿಲ್ಲ. ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು. ಗಂಡಿನ ಕೊಕ್ಕು ಕೆಂಪು ಮಿಶ್ರಿತ ಕಿತ್ತಳೆ, ಹೆಣ್ಣಿನದು ಹಳದಿ, ಕೆಳಕೊಕ್ಕಿನ ಬುಡದಲ್ಲಿ ಕಪ್ಪು ಮಚ್ಚೆ. ಇದನ್ನು ಕಣ್ಣಿಗಿಂತ ಕಿವಿಯಿಂದ ಹಿಡಿಯುವುದು ಸುಲಭ. ದಟ್ಟ ಕಾಡಿನೊಳಗೆ ಯಾರೋ ಗಹಗಹಿಸಿ ನಕ್ಕಂತೆ ಕೇಳಿದರೆ ಅದು ಇದೇ. ಬೂದು ಮಂಗಟ್ಟೆ ಬಯಲಿನ ಕಡೆಯಿಂದ, ಇದು ಹಸಿರು ಕಾಡಿನ ಕಡೆಯಿಂದ ಬಂದು ದಾಂಡೇಲಿ ಸೀಮೆಯಲ್ಲಿ ಎದುರಾಗುತ್ತವೆ. ಹಾಗಾಗಿ ಅಲ್ಲಿ ಬೂದು ಬಣ್ಣ ಕಂಡ ಕೂಡಲೇ ಹೆಸರು ಬರೆಯಬೇಡಿ. ಕೊಂಬು ಇದೆಯೋ ಇಲ್ಲವೋ ನೋಡಿ ಬರೆಯಿರಿ.

ಮೂರನೆಯದು ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ. ದಾಂಡೇಲಿಯ ಹೆಸರು ದೊಡ್ಡದಾಗಿರುವುದೇ ಇದರಿಂದ. ಕಾಳಿ ನದಿಯ ದಂಡೆಯಲ್ಲಿ, ಊರಿನ ಕಟ್ಟಿಗೆ ಡಿಪೋದ ಗಿಡಗಳಲ್ಲಿ ಗುಂಪಾಗಿ ಕಾಣುತ್ತದೆ. ಬೆನ್ನು, ಕತ್ತು ಕಪ್ಪು, ಹೊಟ್ಟೆ ಬಿಳಿ, ಬಾಲದ ಎರಡೂ ಅಂಚಿನ ಗರಿಗಳು ಪೂರ್ತಿ ಬಿಳಿ. ಕೊಕ್ಕಿನ ಮೇಲೆ ಕೊಡಲಿಯ ಅಲಗಿನಂತೆ ಎದ್ದ ಹಳದಿ-ಕಪ್ಪು ಕೊಂಬು. ಗಂಡು ಹೆಣ್ಣು ಬೇರೆ ಮಾಡಬೇಕೆಂದರೆ ಕಣ್ಣಿನ ಸುತ್ತಲಿನ ಬರಿಚರ್ಮ ನೋಡಿ. ಕಡುನೀಲಿ ಅಥವಾ ಕಪ್ಪಾಗಿದ್ದರೆ ಗಂಡು, ಬಿಳುಪಾಗಿದ್ದರೆ ಹೆಣ್ಣು.

ನಾಲ್ಕನೆಯದು ದಾಸಮಂಗಟ್ಟೆ. ಉದ್ದ 95ರಿಂದ 120 ಸೆಂಟಿಮೀಟರ್, ತೂಕ 2ರಿಂದ 4 ಕಿಲೋ. ಕಪ್ಪು ರೆಕ್ಕೆಯಲ್ಲಿ ಬಿಳಿ-ಹಳದಿ ಪಟ್ಟಿ, ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದೇ ಕಪ್ಪು ಪಟ್ಟಿ. ಕಣ್ಣು ಕೆಂಪಿದ್ದರೆ ಗಂಡು, ಬೆಳ್ಳಗಿದ್ದರೆ ಹೆಣ್ಣು. ಇಲ್ಲಿ ಒಂದು ಎಚ್ಚರಿಕೆ. ಎಳೆಯ ಹಕ್ಕಿಗಳಲ್ಲಿ ಕೊಂಬು ಬೆಳೆದಿರುವುದಿಲ್ಲ. ಪೂರ್ತಿ ಬೆಳೆಯಲು ವರ್ಷಗಳೇ ಬೇಕು. ಕೊಂಬು ಚಿಕ್ಕದಿದೆ ಎಂದು ಬೇರೆ ಜಾತಿ ಎಂದು ಬರೆದುಕೊಳ್ಳುವ ತಪ್ಪು ಬಹಳ ಆಗುತ್ತದೆ. ಅಂಥ ಹೊತ್ತಿನಲ್ಲಿ ಬಾಲವೇ ಆಧಾರ. ಎಳೆಯದಾದರೂ ಬಾಲದ ಬಣ್ಣ ಸುಳ್ಳು ಹೇಳುವುದಿಲ್ಲ.

ದಾಸಮಂಗಟ್ಟೆಯ ಕೊಂಬು ನೋಡಲು ಭಾರಿ, ಒಳಗೆ ಬಹುತೇಕ ಟೊಳ್ಳು. ಆಗ್ನೇಯ ಏಷ್ಯಾದ ಒಂದು ಜಾತಿಗೆ ಮಾತ್ರ ಕೊಂಬು ದಂತದಂತೆ ಗಟ್ಟಿ, ಅದಕ್ಕಾಗಿಯೇ ಅದನ್ನು ಕೊಂದು ಕೊಂದು ಮುಗಿಸುವ ಹಂತಕ್ಕೆ ತಂದಿದ್ದಾರೆ. ಟೊಳ್ಳಾದರೂ ಇಷ್ಟು ದೊಡ್ಡ ಕೊಕ್ಕನ್ನು ಹೊರಬೇಕಲ್ಲ, ಅದಕ್ಕೆ ಮಂಗಟ್ಟೆಗಳ ಕತ್ತಿನ ಮೊದಲ ಎರಡು ಮಣಿಮೂಳೆಗಳು ಒಂದಾಗಿ ಬೆಸೆದುಕೊಂಡಿವೆ. ಇನ್ನು ಕೊಕ್ಕಿನ ಹಳದಿ ಬಣ್ಣ. ಅದರಲ್ಲಿ ಬಹುಪಾಲು ಹಕ್ಕಿ ತಾನೇ ಬಳಿದುಕೊಂಡದ್ದು! ಬಾಲದ ಬುಡದ ಮೇಲೆ ಒಂದು ಎಣ್ಣೆ ಗ್ರಂಥಿ ಇದೆ. ಕೊಕ್ಕು, ಕೊಂಬನ್ನು ಅದಕ್ಕೆ ಉಜ್ಜಿ ಉಜ್ಜಿ ಹಳದಿ ಎಣ್ಣೆಯನ್ನು ಕೊಕ್ಕಿಗೂ ರೆಕ್ಕೆಯ ಬಿಳಿ ಪಟ್ಟಿಗೂ ಹಚ್ಚಿಕೊಳ್ಳುತ್ತದೆ. ರೆಕ್ಕೆಯ ಪಟ್ಟಿ ಒಂದು ಹಕ್ಕಿಯಲ್ಲಿ ಅಚ್ಚ ಬಿಳಿ, ಇನ್ನೊಂದರಲ್ಲಿ ಅರಿಸಿಣದಂತೆ ಕಾಣುವುದು ಇದಕ್ಕೇ.

ಹಾರಾಟದ ಸದ್ದು ಕೇಳಿದವರು ಮರೆಯುವುದಿಲ್ಲ. ಉಳಿದ ಹಕ್ಕಿಗಳಲ್ಲಿ ರೆಕ್ಕೆಯ ಒಳಮೈಯಲ್ಲಿ ಸಣ್ಣ ಗರಿಗಳ ಹೊದಿಕೆ ಇದ್ದು ದೊಡ್ಡ ಗರಿಗಳ ಬುಡವನ್ನು ಮುಚ್ಚುತ್ತದೆ. ಮಂಗಟ್ಟೆಗೆ ಆ ಹೊದಿಕೆ ಇಲ್ಲ. ಪ್ರತಿ ಬಡಿತಕ್ಕೂ ಗಾಳಿ ಗರಿಗಳ ಸಂದಿನಿಂದ ನುಗ್ಗಿ, ಉಗಿಬಂಡಿ ಹತ್ತಿರ ಬಂದಂತೆ ಹುಸ್ ಹುಸ್ ಎನ್ನುತ್ತದೆ. ಕಾಡಿನಲ್ಲಿ ಮೊದಲು ಸದ್ದು, ಆಮೇಲೆ ಹಕ್ಕಿ.

ಈಗ ಮೊದಲನೆಯ ಗಿಡಕ್ಕೆ ಬರೋಣ. ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗನ ಹಾಗೆ ಗಿಡ ಕೊರೆಯಲು ಬರುವುದಿಲ್ಲ. ತಾನಾಗಿ ಆದ ಪೊಟರೆಯೇ ಆಗಬೇಕು. ಪೊಟರೆ ಹೇಗೆ ಆಗುತ್ತದೆ? ಗಾಳಿಗೆ ಒಂದು ದೊಡ್ಡ ಟೊಂಗೆ ಮುರಿಯುತ್ತದೆ. ಮುರಿದಲ್ಲಿ ಮಳೆನೀರು ಇಳಿದು ಅಣಬೆ ಹತ್ತುತ್ತದೆ. ಒಳಗಿನ ಕಟ್ಟಿಗೆ ಮೆಲ್ಲಗೆ ಕೊಳೆಯುತ್ತದೆ. ಮರಕುಟಿಗ, ಕುಟ್ರುಹಕ್ಕಿ ಅದೇ ಮೆತ್ತನೆಯ ಜಾಗ ಹುಡುಕಿ ಕೊರೆಯುತ್ತವೆ. ಹೀಗೆ ಕೊಳೆತು, ಕೊರೆದು, ದೊಡ್ಡದಾಗಿ ದಾಸಮಂಗಟ್ಟೆ ಹಿಡಿಸುವಷ್ಟು ಅಗಲ ಆಗಬೇಕಾದರೆ ಹತ್ತಾರು ವರ್ಷ ಬೇಕು. ಅದಕ್ಕೂ ಮೊದಲು ಗಿಡದ ಬೊಡ್ಡೆಯೇ ಅಷ್ಟು ದಪ್ಪ ಆಗಿರಬೇಕು. ಅಂದರೆ ನೂರು ವರ್ಷದ ಆಚೀಚಿನ ಗಿಡ. ಕಟ್ಟಿಗೆಯ ಲೆಕ್ಕದಲ್ಲಿ ಇಂಥ ಗಿಡ ಸೊಟ್ಟ, ಟೊಳ್ಳು, ಬೆಲೆಯಿಲ್ಲದ್ದು. ಕಾಡು ಹಸನು ಮಾಡುವಾಗ ಮೊದಲು ಕೊಡಲಿ ಬೀಳುವುದೇ ಇದಕ್ಕೆ. ಹಸಿರಾಗಿ ಕಾಣುವ ಸಾಗವಾನಿ ನೆಡುತೋಪಿನಲ್ಲಿ ಮಂಗಟ್ಟೆ ಮರಿ ಮಾಡದಿರುವುದಕ್ಕೆ ಕಾರಣ ಇಷ್ಟೇ. ಅಲ್ಲಿ ಗಿಡಗಳಿವೆ, ಮುದಿ ಗಿಡಗಳಿಲ್ಲ.

ಇರುವ ಪೊಟರೆಗೂ ಪೈಪೋಟಿ ಇದೆ. ತುಡುವೆ ಜೇನು, ಉಡ, ಹಾರುವ ಅಳಿಲು, ಇನ್ನೊಂದು ಜೋಡಿ ಮಂಗಟ್ಟೆ, ಎಲ್ಲರಿಗೂ ಅದೇ ಬೇಕು. ಹಾಗಾಗಿ ಒಮ್ಮೆ ಒಗ್ಗಿದ ಪೊಟರೆಗೆ ಜೋಡಿ ವರ್ಷ ವರ್ಷ ಮರಳುತ್ತದೆ.

ದಾಸಮಂಗಟ್ಟೆಯಲ್ಲಿ ಹೆಣ್ಣು ಜನವರಿ ಕೊನೆ, ಫೆಬ್ರುವರಿಯ ಹೊತ್ತಿಗೆ ಒಳಗೆ ಸೇರುತ್ತದೆ. ಬೂದು ಮಂಗಟ್ಟೆ ಸ್ವಲ್ಪ ತಡ, ಏಪ್ರಿಲ್ ಸುಮಾರಿಗೆ. ಒಳಗೆ ಹೋದ ಹೆಣ್ಣು ಬಾಗಿಲು ಮುಚ್ಚುತ್ತದೆ. ತನ್ನದೇ ಹಿಕ್ಕೆ, ಹಣ್ಣಿನ ತಿರುಳಿನ ಜಿಗುಟು, ಪೊಟರೆಯ ತಳದ ಕಟ್ಟಿಗೆ ಪುಡಿ ಕಲಸಿ, ಕೊಕ್ಕಿನ ಚಪ್ಪಟೆ ಬದಿಯಿಂದ ಬಡಿದು ಬಡಿದು ಹಚ್ಚುತ್ತದೆ. ನಮ್ಮ ಹೆಣ್ಣುಮಕ್ಕಳು ನೆಲ ಸಾರಿಸುವಾಗ ಅಂಗೈಯಿಂದ ಒತ್ತಿದ ಹಾಗೆ. ಕೆಲವು ಜಾತಿಗಳಲ್ಲಿ ಗಂಡು ಮಣ್ಣಿನ ಉಂಡೆ ತಂದುಕೊಡುತ್ತದೆ. ಕೆಲವು ದಿನದಲ್ಲಿ ಇದು ಒಣಗಿ ಕಲ್ಲಿನಂತಾಗುತ್ತದೆ. ಉಳಿಯುವುದು ಮೇಲಿಂದ ಕೆಳಕ್ಕೆ ಒಂದು ಸೀಳು, ಕೊಕ್ಕಿನ ತುದಿ ಹೊರಗೆ ಬರುವಷ್ಟು.

ಗಂಡು ಹೆಣ್ಣನ್ನು ಸೆರೆಯಲ್ಲಿಡುತ್ತದೆ ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು. ಗೋಡೆ ಕಟ್ಟುವುದರಲ್ಲಿ ಹೆಚ್ಚಿನ ಕೆಲಸ ಹೆಣ್ಣಿನದೇ. ಬೇಕೆಂದಾಗ ಒಡೆಯುವ ಶಕ್ತಿಯೂ ಅದಕ್ಕಿದೆ. ಗೋಡೆ ಇರುವುದು ಮಂಗ, ಹಾವು, ಉಡಗಳಿಂದ, ಪೊಟರೆ ಕಸಿಯಲು ಬರುವ ಬೇರೆ ಮಂಗಟ್ಟೆಗಳಿಂದ ಕಾಪಾಡಿಕೊಳ್ಳಲು. ಒಳಗಿನ ಏರ್ಪಾಡೂ ಚೊಕ್ಕ. ಹೆಣ್ಣು ಬಾಲವನ್ನು ಸೀಳಿನ ಕಡೆ ತಿರುಗಿಸಿ ಹಿಕ್ಕೆಯನ್ನು ಹೊರಗೆ ಚಿಮ್ಮುತ್ತದೆ. ಒಳ್ಳೆಯ ಪೊಟರೆಯಲ್ಲಿ ಬಾಗಿಲಿಗಿಂತ ಮೇಲಕ್ಕೂ ಟೊಳ್ಳು ಇರುತ್ತದೆ. ಬಿಸಿ ಗಾಳಿ ಮೇಲೇರುತ್ತದೆ, ಅಪಾಯ ಬಂದಾಗ ಹಕ್ಕಿಯೂ ಮೇಲೆ ಸರಿದು ಅಡಗುತ್ತದೆ.

ದಾಸಮಂಗಟ್ಟೆ ಇಡುವುದು ಒಂದೋ ಎರಡೋ ತತ್ತಿ. ಕಾವು 38ರಿಂದ 40 ದಿನ. ಸಾಮಾನ್ಯವಾಗಿ ಹೊರಗೆ ಬರುವುದು ಒಂದೇ ಮರಿ. ಮರಿ ಸ್ವಲ್ಪ ಬೆಳೆದ ಮೇಲೆ ತಾಯಿ ಗೋಡೆ ಒಡೆದು ಹೊರಬಂದು ತಾನೂ ಹಣ್ಣು ತರಲು ಶುರು ಮಾಡುತ್ತದೆ. ಆಗ ಒಡೆದ ಬಾಗಿಲನ್ನು ಒಳಗಿರುವ ಮರಿಯೇ ಮತ್ತೆ ಮೆತ್ತಿಕೊಳ್ಳುತ್ತದೆ. ಯಾರೂ ಕಲಿಸದೆ! ಗೂಡು ಸೇರಿದಾಗಿನಿಂದ ಮರಿ ಹಾರುವವರೆಗೆ ಒಟ್ಟು ನಾಲ್ಕು ತಿಂಗಳ ಹತ್ತಿರ. ಲೆಕ್ಕ ಹಾಕಿ ನೋಡಿ, ಘಟ್ಟದ ಕಾಡಿನಲ್ಲಿ ಹಣ್ಣು ಹೆಚ್ಚು ಸಿಗುವ ಬೇಸಿಗೆಯಲ್ಲಿ ಮರಿಯ ಹೊಟ್ಟೆ ತುಂಬಿ, ಮಳೆ ಹಿಡಿಯುವ ಹೊತ್ತಿಗೆ ಅದು ಹೊರಗೆ ಬಂದಿರುತ್ತದೆ.

ಒಳಗಿರುವಾಗ ಹೆಣ್ಣು ಹಳೆಯ ಗರಿ ಕಳಚಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಕೆಲವು ಜಾತಿಗಳಲ್ಲಿ ರೆಕ್ಕೆ, ಬಾಲದ ಗರಿಗಳು ಹೆಚ್ಚುಕಡಿಮೆ ಒಮ್ಮೆಲೇ ಉದುರುತ್ತವೆ. ಆ ವಾರಗಳಲ್ಲಿ ಗಂಡು ಸತ್ತರೆ ಏನಾಗುತ್ತದೆ? ಹೆಣ್ಣು ಗೋಡೆ ಒಡೆದು ಬಂದರೂ ಹಾರಲಾರದು. ಕೊಬ್ಬಿನ ಎಣ್ಣೆ ಕೀಲುನೋವಿಗೆ ಒಳ್ಳೆಯದು ಎಂಬ ನಂಬಿಕೆಯಿಂದ ಮಂಗಟ್ಟೆ ಹೊಡೆಯುವುದು ಅನೇಕ ಕಡೆ ನಡೆದಿದೆ. ಬೇಸಿಗೆಯಲ್ಲಿ ಹೊರಗೆ ಸಿಗುವುದು ಗಂಡೇ. ಗುಂಡು ಒಂದಕ್ಕೇ ಬಿದ್ದರೂ ಹೋಗುವುದು ಪೂರ್ತಿ ಸಂಸಾರ.

ಗಂಡು ಹಣ್ಣನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ತರುವುದು ಕಡಿಮೆ, ಗಂಟಲ ಚೀಲದಲ್ಲಿ ತುಂಬಿಕೊಂಡು ತರುತ್ತದೆ. ಗಿಡಕ್ಕೆ ಬಂದು ಆಚೀಚೆ ನೋಡಿ, ಕತ್ತು ಕುಲುಕಿ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಡುತ್ತದೆ. ನಾಲಿಗೆ ಗಿಡ್ಡ ಇರುವುದರಿಂದ ತಾನು ತಿನ್ನುವಾಗಲೂ ಹಣ್ಣನ್ನು ಮೇಲೆ ಚಿಮ್ಮಿ ಬಾಯೊಳಗೆ ಬೀಳಿಸಿಕೊಳ್ಳಬೇಕು. ತತ್ತಿ ಒಡೆದ ಮೇಲೆ ಹಣ್ಣಿನ ಜೊತೆಗೆ ಓತಿಕ್ಯಾತ, ಹಲ್ಲಿ, ಚೇಳು, ಸಣ್ಣ ಹಾವು, ಬೇರೆ ಹಕ್ಕಿಗಳ ಮರಿಯೂ ಬರುತ್ತವೆ. ಬೆಳೆಯುವ ಮರಿಗೆ ಬರೀ ಸಿಹಿ ಸಾಲದು.

ಇದೇ ಮಾತಿಗೆ ವಿಲಿಯಂ ಎಂಬ ಮಂಗಟ್ಟೆಯನ್ನು ನೆನೆಯಬೇಕು. 1894ರಲ್ಲಿ ಕಾರವಾರದಿಂದ ಮುಂಬೈಗೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಾಣಿಕೆಯಾಗಿ ಹೋದ ದಾಸಮಂಗಟ್ಟೆಯ ಮರಿ ಅದು. ಸೊಸೈಟಿಯ ಕಚೇರಿಯಲ್ಲೇ ಬೆಳೆದು 1920ರಲ್ಲಿ ತೀರಿಕೊಂಡಿತು. ಹಣ್ಣಿನ ಜೊತೆ ಇಲಿ, ಚೇಳುಗಳನ್ನೂ ತಿನ್ನುತ್ತಿತ್ತು, ನೀರು ಕುಡಿಯುತ್ತಿರಲಿಲ್ಲ. ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುವುದಕ್ಕೆ ಹೆಸರಾಗಿತ್ತು. ಸೊಸೈಟಿಯ ಲಾಂಛನದಲ್ಲಿರುವ ಮಂಗಟ್ಟೆಗೆ ಮಾದರಿ ನಮ್ಮ ಪಕ್ಕದ ಜಿಲ್ಲೆಯ ಈ ಹಕ್ಕಿ. ನೀರು ಕುಡಿಯದ ಸಂಗತಿಯನ್ನು ಗಮನಿಸಿ. ಮಂಗಟ್ಟೆಗೆ ಬೇಕಾದ ನೀರು ಬಹುಪಾಲು ಹಣ್ಣಿನಿಂದಲೇ ಸಿಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಪೊಟರೆಯೊಳಗೆ ಕೂತ ಹೆಣ್ಣಿಗೆ ಆ ಹಣ್ಣೇ ನೀರೂ ಹೌದು.

ಇಲ್ಲಿಗೆ ಎರಡನೆಯ ಗಿಡಕ್ಕೆ ಬಂದೆವು. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಇವೆಲ್ಲ ಒಂದೇ ಕುಲ. ಜಗತ್ತಿನಲ್ಲಿ ಈ ಕುಲದ ಗಿಡಗಳು ಸುಮಾರು 750 ಜಾತಿ. ಅತ್ತಿ ಹಣ್ಣು ಒಡೆದರೆ ಒಳಗೆ ಹುಳ ಎಂದು ನಾವೆಲ್ಲ ಮುಖ ಸಿಂಡರಿಸುತ್ತೇವೆ. ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ. ನಾವು ಹಣ್ಣು ಅನ್ನುವುದು ನಿಜವಾಗಿ ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಸಾಸಿವೆಗಿಂತ ಚಿಕ್ಕ ಕಣಜವೊಂದು ತುದಿಯ ಸಣ್ಣ ಕಿಂಡಿಯಿಂದ ನುಸುಳಿ ಒಳಗೆ ಹೋಗಿ ಪರಾಗ ಹಚ್ಚಿ, ತತ್ತಿ ಇಟ್ಟು ಸಾಯುತ್ತದೆ. ಸಾಮಾನ್ಯವಾಗಿ ಒಂದೊಂದು ಜಾತಿಯ ಗಿಡಕ್ಕೆ ಅದರದೇ ಕಣಜ. ಹೊಸದಾಗಿ ಹೊರಬಂದ ಕಣಜದ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ ಇನ್ನೊಂದು ಗಿಡ ಎಳೆಕಾಯಿ ಬಿಟ್ಟಿರಬೇಕು, ಇಲ್ಲದಿದ್ದರೆ ಕಣಜದ ವಂಶ ಅಲ್ಲಿಗೆ ನಿಂತಿತು.

ಆದ್ದರಿಂದ ಆಲದ ಗಿಡಗಳೆಲ್ಲ ಮಾವಿನ ಹಾಗೆ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದು ಗಿಡ ಒಮ್ಮೆಲೇ ಸಾವಿರಾರು ಹಣ್ಣು ಬಿಟ್ಟು ಒಂದೆರಡು ವಾರದಲ್ಲಿ ಖಾಲಿ. ಪಕ್ಕದ ಊರಿನದು ಮುಂದಿನ ತಿಂಗಳು. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಎಲ್ಲೋ ಒಂದು ಆಲ, ಎಲ್ಲೋ ಒಂದು ಬಸರಿ ಹಣ್ಣಾಗಿಯೇ ಇರುತ್ತದೆ. ಮಂಗಟ್ಟೆಯ ಬದುಕು ನಿಂತಿರುವುದು ಈ ಸರಪಳಿಯ ಮೇಲೆ. ಒಂದು ಆಲ ಉಳಿಸಿದೆವು, ಸಾಕು ಅನ್ನುವ ಹಾಗಿಲ್ಲ. ರಸ್ತೆ ಅಗಲ ಮಾಡುವಾಗ ಸಾಲಿನಲ್ಲಿ ಹತ್ತು ಆಲ ಹೋದರೆ ಹಕ್ಕಿಯ ಪಾಲಿಗೆ ವರ್ಷದಲ್ಲಿ ಕೆಲವು ವಾರಗಳ ಊಟವೇ ಹೋಯಿತು. ಬದಲಿಗೆ ನೂರು ಗುಲ್‌ಮೊಹರ್ ಸಸಿ ಹಚ್ಚಿದರೂ ಆ ವಾರಗಳು ತುಂಬುವುದಿಲ್ಲ.

ಅತ್ತಿ ಕುಲದ ಹಣ್ಣಿನಲ್ಲಿ ಸಕ್ಕರೆ, ನೀರು, ಸುಣ್ಣದ ಅಂಶ ಚೆನ್ನಾಗಿವೆ. ಜಿಡ್ಡು ಕಡಿಮೆ. ಜಿಡ್ಡು ಸಿಗುವುದು ರಾಮಪತ್ರೆಯಂಥ ಹಸಿರು ಕಾಡಿನ ಗಿಡಗಳಿಂದ. ಕಾಯಿ ಬಿರಿದಾಗ ಒಳಗೆ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ ಕಾಣುತ್ತದಲ್ಲ, ಮಂಗಟ್ಟೆಗೆ ಬೇಕಾದದ್ದು ಅದೇ. ಬೀಜದ ಸಮೇತ ನುಂಗಿ, ಪತ್ರೆ ಅರಗಿದ ಮೇಲೆ ಬೀಜವನ್ನು ಹಾಗೇ ಕಕ್ಕುತ್ತದೆ. ದೊಡ್ಡ ಬೀಜದ ಇಂಥ ಹಣ್ಣುಗಳನ್ನು ಬುಲ್‌ಬುಲ್, ಮೈನಾಗಳು ನುಂಗಲಾರವು, ಬಾಯಿಯೇ ಸಾಲದು. ತಾಯಿಗಿಡದಿಂದ ದೂರ ಒಯ್ಯುವವರು ಮಂಗಟ್ಟೆಯಂಥ ಕೆಲವೇ ಹಕ್ಕಿಗಳು. ಅತ್ತಿ, ಆಲದ ಬೀಜ ಸಣ್ಣದು, ಹಿಕ್ಕೆಯಲ್ಲಿ ಹೋಗುತ್ತದೆ. ಹಾಗೆ ಮತ್ತಿ ಗಿಡದ ಕವಲಿನಲ್ಲಿ ಬಿದ್ದ ಬೀಜವೇ ಮುಂದೆ ಆಲವಾಗಿ ಇಳಿಯುತ್ತದೆ.

ಕಾಸರಕದ ವಿಷಯ ಹೇಳಲೇಬೇಕು. ದಾಂಡೇಲಿ ಕಡೆ ಈ ಗಿಡ ಬಹಳ. ಕಿತ್ತಳೆಯಂತೆ ಚೆಂದದ ಹಣ್ಣು, ಬೀಜದಲ್ಲಿ ಕಡುವಿಷ. ಕಪ್ಪು-ಬಿಳಿ ಮಂಗಟ್ಟೆ ಈ ಹಣ್ಣನ್ನು ನಿರಾಳವಾಗಿ ತಿನ್ನುತ್ತದೆ. ಊರಿನ ಬೂದು ಮಂಗಟ್ಟೆಯೂ ಹಾಗೆಯೇ, ದನಕರುಗಳಿಗೆ ವಿಷವಾಗುವ ಹಳದಿ ಕಣಗಿಲೆಯ ಹಣ್ಣನ್ನು ತಿನ್ನುತ್ತದೆ. ಹಕ್ಕಿ ತಿಂದದ್ದೆಲ್ಲ ಮನುಷ್ಯರಿಗೆ ಆಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಮಕ್ಕಳಿಗೆ ಅದನ್ನು ಹೇಳಿಕೊಡಬೇಡಿ. ಕಾಸರಕದ ಬೀಜ ಅಗಿದರೆ ಜೀವಕ್ಕೇ ಅಪಾಯ.

ಗೂಡು ಹುಡುಕುವವರು ಮೊದಲು ನೆಲ ನೋಡುತ್ತಾರೆ. ಸೀಳಿನಿಂದ ಚಿಮ್ಮಿದ ಹಿಕ್ಕೆ, ಕಕ್ಕಿದ ಬೀಜಗಳು ಬೊಡ್ಡೆಯ ಸುತ್ತ ಬಿದ್ದು ಗುಡ್ಡೆಯಾಗಿರುತ್ತವೆ. ಬೇರೆ ಬೇರೆ ಜಾತಿಯ ಬೀಜ, ಮೊಳಕೆ ಒಂದೇ ಗಿಡದ ಬುಡದಲ್ಲಿ ಒಟ್ಟಿಗೆ ಕಂಡರೆ ತಲೆ ಎತ್ತಿ ನೋಡಿ. ತೊಗಟೆಯ ಮೇಲೆ ಹಿಕ್ಕೆಯ ಗೆರೆ ಇಳಿದಿರುತ್ತದೆ.

ಗೂಡು ಸಿಕ್ಕ ಮೇಲೆ ಆಗುವ ತಪ್ಪುಗಳೇ ಹೆಚ್ಚು. ಗಂಟಲು ತುಂಬ ಹಣ್ಣು ಹೊತ್ತ ಗಂಡು, ಬುಡದಲ್ಲಿ ಜನ ಕಂಡರೆ ನೇರ ಗೂಡಿಗೆ ಬರುವುದಿಲ್ಲ. ದೂರದ ಗಿಡದಲ್ಲಿ ಕೂತು ಕಾಯುತ್ತದೆ. ಅರ್ಧ ತಾಸು, ಒಂದು ತಾಸು ಆದರೂ ನಾವು ಕದಲದಿದ್ದರೆ ತಿರುಗಿ ಹೋಗುತ್ತದೆ. ಒಂದು ಹೊತ್ತಿನ ಊಟ ತಪ್ಪಿತು. ಮರುದಿನ ಇನ್ನೊಂದು ಗುಂಪು, ಅದರ ಮರುದಿನ ಮತ್ತೊಂದು. ಹಕ್ಕಿ ನಮ್ಮನ್ನು ನೋಡುತ್ತ ಕತ್ತು ಚಾಚಿ ಕೂತಿದೆ, ಗಂಟಲು ಉಬ್ಬಿದೆ, ಆದರೂ ಗೂಡಿನ ಕಡೆ ಬರುತ್ತಿಲ್ಲ ಅಂದರೆ ನಾವು ಹತ್ತಿರ ಇದ್ದೇವೆ ಎಂದೇ ಅರ್ಥ. ಕೂಡಲೇ ಹಿಂದೆ ಸರಿಯಬೇಕು. ಗೂಡಿನ ಎದುರು ನಿಲ್ಲದೆ ಪಕ್ಕಕ್ಕೆ, ಪೊದೆಯ ಮರೆಯಲ್ಲಿ, 50 ಮೀಟರಿಗಿಂತ ದೂರ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ಅಡ್ಡ ಬಂದ ಟೊಂಗೆ ಕಡಿಯುವುದು ಬೇಡವೇ ಬೇಡ. ಗೂಡಿನ ಜಾಗವನ್ನು ನಕ್ಷೆ ಸಮೇತ ವಾಟ್ಸಾಪಿನಲ್ಲಿ ಹಂಚುವುದೂ ಬೇಡ.

ಪೊಟರೆಯೂ ಕೆಡುತ್ತದೆ. ಥಾಯ್ಲೆಂಡಿನ ಖಾವೊ ಯಾಯ್ ಕಾಡಿನಲ್ಲಿ ಪಿಲಾಯ್ ಪೂನ್‌ಸ್ವಾಡ್ ಎಂಬ ವಿಜ್ಞಾನಿ 1978ರಿಂದ ಮಂಗಟ್ಟೆಗಳ ಅಧ್ಯಯನ ಮಾಡುತ್ತ ಬಂದರು. ಅವರ ತಂಡ ಕಂಡದ್ದು ಏನೆಂದರೆ, ಗಿಡ ನಿಂತಿದ್ದರೂ ಪೊಟರೆ ಬಳಕೆಗೆ ಬಾರದೆ ಹೋಗುತ್ತದೆ. ಒಳಗಿನ ಕೊಳೆತ ಮುಂದುವರಿದು ತಳ ಕುಸಿಯುತ್ತದೆ. ಕೂತ ಹೆಣ್ಣಿನ ಕೊಕ್ಕು ಬಾಗಿಲಿಗೆ ಮುಟ್ಟದಷ್ಟು ಆಳವಾದರೆ ಊಟ ತೆಗೆದುಕೊಳ್ಳುವುದು ಹೇಗೆ? ಇನ್ನು ಕೆಲವು ಗಿಡಗಳಲ್ಲಿ ಗಾಯ ಮಾಯುವಂತೆ ತೊಗಟೆ ಬೆಳೆದು ಬಾಗಿಲೇ ಕಿರಿದಾಗುತ್ತದೆ. ಅವರು ತಳಕ್ಕೆ ಮಣ್ಣು ತುಂಬಿ ಎತ್ತರಿಸಿದರು, ಬಾಗಿಲು ಕೆತ್ತಿ ಅಗಲ ಮಾಡಿದರು. ಹಕ್ಕಿಗಳು ಮರಳಿ ಬಂದವು. ಆದರೆ ಇದು ಮರ ಹತ್ತುವ ಪಳಗಿದವರು, ಅರಣ್ಯ ಇಲಾಖೆಯ ಒಪ್ಪಿಗೆಯಿಂದ, ಗೂಡು ಖಾಲಿ ಇರುವ ಮಳೆ ನಂತರದ ತಿಂಗಳುಗಳಲ್ಲಿ ಮಾಡುವ ಕೆಲಸ. ಅರುಣಾಚಲದ ಪಕ್ಕೆ ಎಂಬ ಕಾಡಿನ ಅಂಚಿನಲ್ಲಿ ನಿಶಿ ಸಮುದಾಯದ ಹಳ್ಳಿಗರೇ ಗೂಡು ಕಾಯುತ್ತಾರೆ. ನಮ್ಮಲ್ಲಿ ಕಾಳಿ ನದಿಯ ಉದ್ದಕ್ಕೆ 52.50 ಚದರ ಕಿಲೋಮೀಟರನ್ನು 2011ರಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ.

ಈಗ ನಮ್ಮ ಕೈಯಲ್ಲಿರುವ ಕೆಲಸ. ಪೊಟರೆ ಮಾಡಲು ನಮಗೆ ಬರುವುದಿಲ್ಲ, ಇದ್ದದ್ದನ್ನು ಕಡಿಯದೆ ಬಿಡಬಹುದು. ಹಣ್ಣಿನ ಗಿಡ ಹಚ್ಚಲು ಬರುತ್ತದೆ. ಧಾರವಾಡ, ಕಲಘಟಗಿ, ಹಾನಗಲ್ಲ ಕಡೆ ಆಲ, ಗೋಣಿ, ಬಸರಿ ಒಳ್ಳೆಯವು. ಇವುಗಳಿಗೆ ಸಸಿಗಿಂತ ಗೂಟ ಲೇಸು. ನಮ್ಮ ಹಿರಿಯರು ಸಾಲುಗಿಡ ಮಾಡಿದ್ದೂ ಹೀಗೇ. ಮೇ ತಿಂಗಳಲ್ಲಿ, ರೋಹಿಣಿ ಮಳೆಯ ಮುಂಚೆ, ಮುಂಗೈ ದಪ್ಪದ ನೇರ ಟೊಂಗೆ 8ರಿಂದ 10 ಅಡಿ ಉದ್ದ ಕಡಿಯಿರಿ. ಎಲೆ ಸವರಿ, ಹಾಲು ಆರಲು ಒಂದು ದಿನ ನೆರಳಿನಲ್ಲಿಡಿ. ಬುಡವನ್ನು ಓರೆಯಾಗಿ ಕೊಯ್ಯಿರಿ, ಆಗ ಬುಡ ಯಾವುದು ತುದಿ ಯಾವುದು ಎಂದು ಮರೆಯುವುದಿಲ್ಲ. ತಲೆಕೆಳಗಾಗಿ ಹೂಳಿದ ಗೂಟ ಏಳುವುದಿಲ್ಲ. ಎರಡರಿಂದ ಎರಡೂವರೆ ಅಡಿ ಆಳಕ್ಕೆ ಇಳಿಸಿ, ಸುತ್ತ ಗಾಳಿ ಉಳಿಯದಂತೆ ಮಣ್ಣು ತುಳಿಯಿರಿ. ಮೇಲಿನ ತುದಿಗೆ ಹೆಂಡಿ-ಮಣ್ಣು ಕಲಸಿ ಮೆತ್ತಿ ಗೋಣಿತಟ್ಟು ಕಟ್ಟಿದರೆ ಒಣಗುವುದಿಲ್ಲ.

ಎರಡು ಮೂರು ವಾರಕ್ಕೆ ಚಿಗುರು ಕಾಣುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಚಿಗುರು ಟೊಂಗೆಯಲ್ಲಿ ಮೊದಲೇ ಇದ್ದ ಸತ್ವದಿಂದ ಬಂದದ್ದು, ಬೇರು ಇನ್ನೂ ಹಿಡಿದಿರುವುದಿಲ್ಲ. ಗಿಡ ಹತ್ತಿತು ಎಂದು ನೀರು ನಿಲ್ಲಿಸಿದರೆ ಚಿಗುರು ಬಾಡುತ್ತದೆ. ಬೇರಿಗೆ ಎರಡು ಮೂರು ತಿಂಗಳು ಕೊಡಿ. ಈ ನಡುವೆ ದನ ಬಂದು ಮೈ ತಿಕ್ಕಿ ಗೂಟ ಅಲುಗಾಡಿದರೆ ಎಳೆ ಬೇರು ಹರಿಯುತ್ತವೆ. ಅದಕ್ಕೆ ಜಾಲಿಮುಳ್ಳಿನ ಬೇಲಿ ಗೂಟಕ್ಕೆ ತಾಗದಂತೆ ದೂರದಲ್ಲಿ ಇರಲಿ. ಎರೆ ಮಣ್ಣಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ, ಅಲ್ಲಿ ದಿಬ್ಬ ಮಾಡಿ ಹಚ್ಚಿ. ಮನೆಗೋಡೆ, ಬಾವಿ, ಪೈಪುಗಳ ಹತ್ತಿರ, ಕೆರೆ ಏರಿಯ ಮೇಲೆ ಹಚ್ಚಬೇಡಿ, ಬೇರು ಅವುಗಳನ್ನು ಸೀಳುತ್ತದೆ. ಅತ್ತಿಯನ್ನು ಬೀಜದಿಂದ ಮಾಡಬಹುದು. ಮಾಗಿದ ಹಣ್ಣನ್ನು ನೀರಿನಲ್ಲಿ ಹಿಚುಕಿ, ತಳಕ್ಕೆ ಇಳಿದ ಬೀಜವನ್ನು ಜರಡಿ ಹಿಡಿದ ಮಣ್ಣಿನ ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ರಾಮಪತ್ರೆ ನಮ್ಮ ಒಣ ಗಾಳಿಗೆ ಬಾಳುವುದಿಲ್ಲ, ಅದರ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಅದನ್ನು ಘಟ್ಟದವರಿಗೆ ಬಿಡೋಣ.

ಕೊನೆಗೆ, ಮೇ-ಜೂನ್‌ನಲ್ಲಿ ಊರೊಳಗೆ ಬೂದು ಮಂಗಟ್ಟೆಯ ಮರಿ ನೆಲಕ್ಕೆ ಬಿದ್ದು ಸಿಗುವುದುಂಟು. ಗಾಯ ಇಲ್ಲದೆ ಗರಿ ಬಲಿತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಬಟ್ಟೆಯಲ್ಲಿ ಹಿಡಿದು, ನಾಯಿ ಬೆಕ್ಕಿಗೆ ಎಟುಕದ ಎತ್ತರದ ಟೊಂಗೆಯ ಮೇಲೆ, ಬಿದ್ದ ಗಿಡದಲ್ಲೇ ಅಥವಾ ಪಕ್ಕದಲ್ಲೇ ಕೂರಿಸಿ. ಬಾಯಿಗೆ ನೀರು ಹನಿಸಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಹಾಲು, ಬ್ರೆಡ್ ಬೇಡ. ಮನೆಗೆ ಒಯ್ದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯ ಇದ್ದರೆ ರಟ್ಟಿನ ಡಬ್ಬಿಗೆ ತೂತು ಮಾಡಿ, ಕತ್ತಲಲ್ಲಿ ಇಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಗಾಯ ಇಲ್ಲದಿದ್ದರೆ ದೂರ ಹೋಗಿ ಎರಡು ತಾಸು ಕಾಯಿರಿ. ಹದ್ದಿನ ಕೂಗಿನಂಥ ಕೀರಲು ದನಿ ಕೇಳಿ, ಬೂದು ಹಕ್ಕಿಯೊಂದು ಗಂಟಲು ಉಬ್ಬಿಸಿಕೊಂಡು ಆ ಗಿಡಕ್ಕೆ ಇಳಿದರೆ, ತಾಯಿಯೋ ತಂದೆಯೋ ಬಂದಾಯಿತು.